ಅಪ್ಪಣೆ ಚೀಟಿಯ ವೈದ್ಯ

ಕಳೆದ ತಿಂಗಳು ಒಂದು ಸಂಜೆ ನಮ್ಮ ಸಂಘದ ಕೋಣೆಗೆ ಕಿರಾಣಿ ಅಂಗಡಿಯ ಶೆಟ್ಟರೊಬ್ಬರು ಬಂದು ಬೆಂಚಿನ ಮೇಲೆ ಕೂತರು. ಅವರ ಬಾಯಿಂದ ಮಾತು ಹೊರಡಲು ಸ್ವಲ್ಪ ಹೊತ್ತು ಬೇಕಾಯಿತು. ಏಳು ವರ್ಷದಿಂದ ಆರೋಗ್ಯ ವಿಮೆಯ ಕಂತನ್ನು ಒಂದು ದಿನವೂ ತಪ್ಪದೆ ಕಟ್ಟಿಕೊಂಡು ಬಂದವರು ಅವರು. ಹೆಂಡತಿಗೆ ಪಿತ್ತಕೋಶದಲ್ಲಿ ಕಲ್ಲು. ತಡಮಾಡದೆ ಆಪರೇಷನ್ ಆಗಬೇಕೆಂದು ಡಾಕ್ಟರು ಹೇಳಿದರು. ಆಸ್ಪತ್ರೆಯಿಂದ ವಿಮೆ ಕಂಪನಿಗೆ ಕಾಗದ ಹೋಯಿತು. ಬೆಳಿಗ್ಗೆ ಹೋದ ಕಾಗದಕ್ಕೆ ರಾತ್ರಿ ಉತ್ತರ ಬಂತು: ಆಸ್ಪತ್ರೆಗೆ ಸೇರಿಸುವಷ್ಟು ಅಗತ್ಯ ಕಾಣುವುದಿಲ್ಲ, ಔಷಧಿಯಲ್ಲೇ ನೋಡಬಹುದು, ಅಪ್ಪಣೆಯಿಲ್ಲ. ಶೆಟ್ಟರು ಹೆಂಡತಿಯ ಬಳೆಗಳನ್ನು ಅಡವಿಟ್ಟು ಆಪರೇಷನ್ ಮಾಡಿಸಿದರು.

"ಅವಳ ಹೊಟ್ಟೆ ಮುಟ್ಟಿ ನೋಡಿದ ಡಾಕ್ಟರು ಬೇಕು ಅಂದರು. ಎಲ್ಲಿಯೋ ಕೂತು ಅವಳ ಮುಖ ಸಹ ನೋಡದವನು ಬೇಡ ಅಂದ. ಏಳು ವರ್ಷ ನಾನು ದುಡ್ಡು ಕಟ್ಟಿದ್ದು ಯಾರಿಗೆ ಮೇಷ್ಟ್ರೆ?" ಎಂದು ಅವರು ಕೇಳಿದರು.

ಅದೇ ಬೆಂಚಿನ ತುದಿಯಲ್ಲಿ ನೂಲಿನ ಖಾತೆಯ ಸಂಗಾತಿಯೊಬ್ಬರು ಕೂತಿದ್ದರು. ಅವರು ಹುಬ್ಬೇರಿಸಿ, "ಇ.ಎಸ್.ಐ. ಬಿಟ್ಟು ವಿಮೆ ಮಾಡಿಸಿಕೊಂಡರೆ ದೊಡ್ಡ ಆಸ್ಪತ್ರೆಯಲ್ಲಿ ರಾಜರ ಹಾಗೆ ಮಲಗಬಹುದು ಅಂತ ನಮ್ಮ ಖಾತೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಾರಲ್ಲ ಮೇಷ್ಟ್ರೆ, ಹಾಗಾದರೆ ಅದು ಸುಳ್ಳೆ?" ಎಂದರು.

ಈ ಎರಡು ಪ್ರಶ್ನೆಗಳ ಬೇರು ಒಂದೇ. ರೋಗಿಗೆ ಏನು ಬೇಕೆಂದು ತೀರ್ಮಾನಿಸುವವರು ಯಾರು? ಆ ತೀರ್ಮಾನದಿಂದ ಉಳಿದ ಹಣ ಯಾರ ಜೇಬಿಗೆ ಹೋಗುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಶಾಸ್ತ್ರ ಓದಬೇಕಾಗಿಲ್ಲ. ಅಮೆರಿಕಾ ದೇಶ ಈ ದಾರಿಯಲ್ಲಿ ಐವತ್ತು ವರ್ಷ ನಡೆದು ನೋಡಿದೆ. ಅಲ್ಲಿನ ದುಡಿಯುವ ಜನ ಬಿದ್ದ ಹಳ್ಳ ಎಲ್ಲಿದೆಯೆಂದು ತಿಳಿದರೆ ನಾವು ಕಣ್ಣುಬಿಟ್ಟು ಹೆಜ್ಜೆ ಇಡಬಹುದು.

ಲಗಾಮು ಯಾರ ಕೈಯಲ್ಲಿ?

1973ರಲ್ಲಿ ನಿಕ್ಸನ್ ಅಧ್ಯಕ್ಷರಾಗಿದ್ದಾಗ ಅಮೆರಿಕಾದಲ್ಲಿ ಒಂದು ಕಾಯಿದೆಯಾಯಿತು. 'ಆರೋಗ್ಯ ನಿರ್ವಹಣಾ ಸಂಸ್ಥೆ'ಗಳಿಗೆ, ಎಂದರೆ ಅಲ್ಲಿನವರು ಎಚ್.ಎಂ.ಓ. ಎಂದು ಕರೆಯುವ ಸಂಸ್ಥೆಗಳಿಗೆ, ಸರಕಾರವೇ ಹಣ ಕೊಟ್ಟು ಬೆಳೆಸಿತು. ಇಪ್ಪತ್ತೈದು ಮತ್ತು ಅದಕ್ಕಿಂತ ಹೆಚ್ಚು ಜನರನ್ನಿಟ್ಟುಕೊಂಡು ಆರೋಗ್ಯ ವಿಮೆ ಕೊಡುವ ಮಾಲೀಕರು, ಸುತ್ತಮುತ್ತ ಅಂಥ ಸಂಸ್ಥೆಯಿದ್ದರೆ ಅದನ್ನೂ ಕೆಲಸಗಾರರ ಮುಂದಿಡಬೇಕೆಂದು ವಿಧಿಸಿತು. ಈ ಪದ್ಧತಿಗೆ ಅಲ್ಲಿ 'ಮ್ಯಾನೇಜ್ಡ್ ಕೇರ್' ಎಂದು ಹೆಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಲಗಾಮು ಹಾಕಿದ ಚಿಕಿತ್ಸೆ.

ಇದರ ಲೆಕ್ಕ ನಾಲ್ಕನೇ ಇಯತ್ತೆಯ ಹುಡುಗನೂ ಮಾಡಬಲ್ಲ. ಒಂದು ಸಂಸ್ಥೆಗೆ ಸಾವಿರ ಜನ ತಿಂಗಳಿಗೆ ತಲಾ ನೂರು ರೂಪಾಯಿ ಕಟ್ಟುತ್ತಾರೆಂದು ಹಿಡಿಯಿರಿ. ಬಂದದ್ದು ಒಂದು ಲಕ್ಷ. ಚಿಕಿತ್ಸೆಗೆ ತೊಂಬತ್ತು ಸಾವಿರ ಖರ್ಚಾದರೆ ಉಳಿದದ್ದು ಹತ್ತು ಸಾವಿರ. ಚಿಕಿತ್ಸೆಯನ್ನು ಎಪ್ಪತ್ತು ಸಾವಿರಕ್ಕೆ ಇಳಿಸಿದರೆ ಉಳಿದದ್ದು ಮೂವತ್ತು ಸಾವಿರ. ಕಂತು ಒಂದು ಪೈಸೆ ಏರಲಿಲ್ಲ, ರೋಗ ಒಂದು ಗುಲಗಂಜಿ ಇಳಿಯಲಿಲ್ಲ, ಲಾಭ ಮಾತ್ರ ಮೂರು ಪಟ್ಟಾಯಿತು! ಬಟ್ಟೆಯ ಗಿರಣಿಯಲ್ಲಿ ಲಾಭ ಬರಬೇಕಾದರೆ ಬಟ್ಟೆಯನ್ನಾದರೂ ನೇಯಬೇಕು. ಇಲ್ಲಿಯಾದರೋ ಮಗ್ಗ ನಿಲ್ಲಿಸಿದಷ್ಟೂ ಲಾಭ.

ಇದಕ್ಕೆ ಎದುರುವಾದವಿದೆ, ಅದನ್ನು ಮುಚ್ಚಿಡಲಾರೆ. ಲಗಾಮಿಲ್ಲದಿದ್ದಾಗ ಡಾಕ್ಟರುಗಳು ಬೇಡದ ಆಪರೇಷನ್ ಮಾಡುತ್ತಾರೆ, ಬೇಡದ ಪರೀಕ್ಷೆ ಬರೆಯುತ್ತಾರೆ, ಬಿಲ್ಲು ಬೆಳೆಸುತ್ತಾರೆ ಎಂದು ಕಂಪನಿಗಳು ಹೇಳುತ್ತವೆ. ಇದು ಪೂರ್ತಿ ಸುಳ್ಳಲ್ಲವೆಂದು ನಮ್ಮೂರಿನ ಖಾಸಗಿ ನರ್ಸಿಂಗ್ ಹೋಮಿನ ಮೆಟ್ಟಿಲು ಹತ್ತಿದ ಪ್ರತಿಯೊಬ್ಬರಿಗೂ ಗೊತ್ತು. ಲಗಾಮು ಬೇಕು, ಒಪ್ಪಿದೆ. ಆದರೆ ಲಗಾಮು ಹಿಡಿದವನು ಯಾರು? ಓಡಿಸದೆ ಕಟ್ಟಿಹಾಕಿದ ಕುದುರೆಯ ಹುರುಳಿ ಯಾರ ಚೀಲಕ್ಕೆ ಹೋಗುತ್ತಿದೆ? ಇದು ನಮ್ಮ ತಕರಾರು.

ಎಂಟು ದಿನದ ಕಥೆ

ಅಮೆರಿಕಾದ ಇಲಿನಾಯ್ ಪ್ರಾಂತದಲ್ಲಿ ಒಬ್ಬ ಹೆಣ್ಣುಮಗಳಿಗೆ ಹೊಟ್ಟೆನೋವು ಬಂತು. ಎಚ್.ಎಂ.ಓ.ದ ಡಾಕ್ಟರು ಪರೀಕ್ಷಿಸಿ ಹೊಟ್ಟೆಯೊಳಗೆ ಬಾತ ಗಡ್ಡೆಯಿರುವುದನ್ನು ಕಂಡರು. ಹತ್ತಿರದ ಆಸ್ಪತ್ರೆಯಲ್ಲೇ ಆ ಹೊತ್ತಿಗೇ ಸ್ಕ್ಯಾನಿಂಗ್ ಮಾಡಿಸಬಹುದಾಗಿತ್ತು. ಹಾಗೆ ಮಾಡಿಸಲಿಲ್ಲ. ಐವತ್ತು ಮೈಲಿಗೂ ಆಚೆ ತಮ್ಮದೇ ಸಂಸ್ಥೆಯ ಕೇಂದ್ರದಲ್ಲಿ ಎಂಟು ದಿನದ ನಂತರ ಮಾಡಿಸೋಣವೆಂದರು. ಎಂಟು ದಿನ ಮುಗಿಯುವ ಮೊದಲೇ ಆಕೆಯ ಅಪೆಂಡಿಕ್ಸ್ ಒಡೆದು ನಂಜು ಹೊಟ್ಟೆಯೆಲ್ಲ ಹರಡಿತು. ಆ ಸಂಸ್ಥೆಯ ಒಡೆಯರು ಅಲ್ಲಿನ ಡಾಕ್ಟರುಗಳೇ. ವರ್ಷದ ಕೊನೆಗೆ ಉಳಿದ ಹಣ ಅವರಲ್ಲೇ ಹಂಚಿಕೆಯಾಗುತ್ತಿತ್ತು.

ಡಾಕ್ಟರ ತಪ್ಪಿಗೆಂದು ಆಕೆಗೆ 35,000 ಡಾಲರು ಪರಿಹಾರ ಸಿಕ್ಕಿತು. ಆದರೆ ಆಕೆ ಅಲ್ಲಿಗೆ ನಿಲ್ಲಲಿಲ್ಲ. 'ತಪ್ಪು ಒಬ್ಬ ಡಾಕ್ಟರದಲ್ಲ; ಚಿಕಿತ್ಸೆ ಕಡಿಮೆ ಮಾಡಿದರೆ ಹಣ ಹೆಚ್ಚಾಗುವಂಥ ಏರ್ಪಾಡೇ ತಪ್ಪು, ಅದು ನಮ್ಮ ನಂಬಿಕೆಗೆ ಮಾಡಿದ ದ್ರೋಹ' ಎಂದು ವಾದಿಸಿದರು. ಮೊಕದ್ದಮೆ ಅಮೆರಿಕಾದ ಸರ್ವೋಚ್ಚ ನ್ಯಾಯಾಲಯ ಮುಟ್ಟಿತು. 2000ದ ಜೂನಿನಲ್ಲಿ ನ್ಯಾಯಾಧೀಶರೆಲ್ಲ ಒಮ್ಮತದಿಂದ ಆಕೆಯ ವಿರುದ್ಧ ತೀರ್ಪು ಕೊಟ್ಟರು. ಚಿಕಿತ್ಸೆಯನ್ನು ಅಳೆದು ಸುರಿಯುವುದು ಎಚ್.ಎಂ.ಓ.ದ ಹುಟ್ಟುಗುಣ, ಶಾಸನಸಭೆಯೇ ಅದನ್ನು ಬೆಳೆಸಿದೆ, ಅದನ್ನು ಕಿತ್ತುಹಾಕುವುದು ಕೋರ್ಟಿನ ಕೆಲಸವಲ್ಲ ಎಂಬುದು ತೀರ್ಪಿನ ತಿರುಳು. ಒಂದು ರೀತಿಯಲ್ಲಿ ನ್ಯಾಯಾಧೀಶರು ನಿಜವನ್ನೇ ಹೇಳಿದರು. ಬೇಲಿ ಹೊಲ ಮೇಯುತ್ತಿದೆಯೆಂದು ಒಪ್ಪಿಕೊಂಡು, ಬೇಲಿಯೆಂದರೆ ಹಾಗೆಯೇ ಎಂದರು!

ಬೀಗ ಹಾಕಿದ ಬಾಗಿಲು

ಅಮೆರಿಕಾದಲ್ಲಿ 15 ಕೋಟಿಗೂ ಹೆಚ್ಚು ಜನಕ್ಕೆ ವಿಮೆ ಬರುವುದು ನೌಕರಿಯ ಮೂಲಕ. ಅವರ ಕೈ ಕಟ್ಟಿಹಾಕಿದ್ದು 1974ರ ಒಂದು ಕಾಯಿದೆ. ಅದರ ವಿಚಿತ್ರ ನೋಡಿರಿ. ಕಾರ್ಮಿಕರ ಪಿಂಚಣಿಯನ್ನು ಮಾಲೀಕರು ನುಂಗದಿರಲಿ ಎಂದು ಹುಟ್ಟಿದ ಕಾಯಿದೆ ಅದು. ಅದೇ ಕಾಯಿದೆಯನ್ನು ವಿಮೆ ಕಂಪನಿಗಳು ಗುರಾಣಿ ಮಾಡಿಕೊಂಡವು. 1987ರಿಂದೀಚೆಗೆ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ಹೇಳಿದ ಅರ್ಥ ಇಷ್ಟು: ನೌಕರಿಯ ವಿಮೆಯಲ್ಲಿ ಕಂಪನಿ ಚಿಕಿತ್ಸೆ ನಿರಾಕರಿಸಿದರೆ ರೋಗಿ ಆ ನಿರಾಕರಿಸಿದ ಖರ್ಚನ್ನು ಕೇಳಬಹುದು, ನಿರಾಕರಣೆಯಿಂದ ಆದ ಹಾನಿಗೆ, ನೋವಿಗೆ, ಸಾವಿಗೆ ಪರಿಹಾರ ಕೇಳುವಂತಿಲ್ಲ. ಹತ್ತು ಸಾವಿರದ ಚಿಕಿತ್ಸೆ ಕೊಡದೆ ಮನುಷ್ಯ ಸತ್ತರೆ, ಹೊಣೆ ಹೆಚ್ಚೆಂದರೆ ಹತ್ತು ಸಾವಿರ. ಸಿಕ್ಕಿಬಿದ್ದ ಕಳ್ಳ ಕದ್ದ ಮಾಲನ್ನಷ್ಟೇ ಹಿಂದಕ್ಕೆ ಕೊಟ್ಟು ಮನೆಗೆ ಹೋಗಬಹುದೆಂದರೆ ಊರಿನಲ್ಲಿ ಕಳ್ಳತನ ಕಡಿಮೆಯಾದೀತೆ?

ಟೆಕ್ಸಾಸ್ ಪ್ರಾಂತದವರು 1997ರಲ್ಲಿ ಎಚ್ಚೆತ್ತು, ಎಚ್.ಎಂ.ಓ. ಮೇಲೆ ರೋಗಿ ದಾವೆ ಹೂಡಬಹುದೆಂದು ಕಾಯಿದೆ ಮಾಡಿದರು. ಅಲ್ಲಿನ ಒಬ್ಬ ಹೆಂಗಸಿಗೆ ಗರ್ಭಕೋಶದ ಆಪರೇಷನ್ ಆಗಿತ್ತು. ಇನ್ನೂ ಕೆಲವು ದಿನ ಆಸ್ಪತ್ರೆಯಲ್ಲಿರಬೇಕೆಂದು ಡಾಕ್ಟರು ಹೇಳಿದರೂ ಒಂದೇ ದಿನ ಸಾಕೆಂದು ಕಂಪನಿಯ ನರ್ಸು ತೀರ್ಮಾನಿಸಿ ಮನೆಗೆ ಕಳಿಸಿದಳು. ಕೆಲವೇ ದಿನದಲ್ಲಿ ಆಕೆ ತುರ್ತುಚಿಕಿತ್ಸೆಗೆ ಮರಳಬೇಕಾಯಿತು. ದಾವೆ ನಡೆಯಿತು. 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ಮತ್ತೆ ಒಮ್ಮತದಿಂದ, ಟೆಕ್ಸಾಸಿನ ಕಾಯಿದೆ 1974ರ ಕಾಯಿದೆಯ ಮುಂದೆ ನಿಲ್ಲದೆಂದಿತು. ರೋಗಿಗಳ ಹಕ್ಕಿನ ಮಸೂದೆಯೊಂದು 2001ರಲ್ಲಿ ಅಮೆರಿಕಾದ ಎರಡೂ ಸಭೆಗಳಲ್ಲಿ ಬೇರೆಬೇರೆ ರೂಪದಲ್ಲಿ ಪಾಸಾಯಿತು. ಎರಡನ್ನೂ ಹೊಂದಿಸಿ ಒಂದು ಮಾಡುವ ಕೆಲಸ ಮಾತ್ರ ಆಗಲೇ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ.

ಒಬ್ಬನ ದೂರು, ಲಕ್ಷ ಜನರ ದಾವೆ

ಒಬ್ಬನಿಗೆ ಬಾಗಿಲು ತೆರೆಯದಿದ್ದಾಗ ಸಾವಿರ ಜನ ಒಟ್ಟಿಗೆ ತಟ್ಟುವುದೇ ಸಾಮೂಹಿಕ ದಾವೆ. ಒಂದೇ ಕಂಪನಿಯಿಂದ, ಒಂದೇ ರೀತಿಯಲ್ಲಿ, ಬಹಳ ಜನಕ್ಕೆ ಅನ್ಯಾಯವಾಗಿದ್ದರೆ ಅವರಲ್ಲಿ ಕೆಲವರು ಎಲ್ಲರ ಪರವಾಗಿ ನಿಂತು ಕೇಳಬಹುದು. ಗೆದ್ದರೆ ಎಲ್ಲರಿಗೂ ಗೆಲುವು. ಕೋರ್ಟಿಗೆ ಹೋದವರಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ನಮ್ಮಲ್ಲಿ ಗಾದೆಯಿದೆ. ಅದು ಒಂಟಿಯಾಗಿ ಹೋದವನ ಗಾದೆ. ಐನೂರು ರೂಪಾಯಿಯ ಅನ್ಯಾಯಕ್ಕೆ ಐದು ಸಾವಿರದ ವಕೀಲನನ್ನು ಯಾರೂ ಇಡಲಾರರು. ಕಂಪನಿಯ ಧೈರ್ಯವೆಲ್ಲ ನಿಂತಿರುವುದು ಈ ಲೆಕ್ಕದ ಮೇಲೆಯೇ.

1999ರಲ್ಲಿ ಅಮೆರಿಕಾದ ದೊಡ್ಡ ದೊಡ್ಡ ಕಂಪನಿಗಳ ಮೇಲೆ ಇಂಥ ದಾವೆಗಳು ಶುರುವಾದವು. ಚಿಕಿತ್ಸೆ ಕಡಿಮೆ ಮಾಡಿದವರಿಗೆ ಒಳಗಿಂದೊಳಗೆ ಬಹುಮಾನ ಕೊಡುತ್ತೀರಿ, ಅದನ್ನು ಕಂತು ಕಟ್ಟುವವರಿಗೆ ಹೇಳದೆ ಮುಚ್ಚಿಡುತ್ತೀರಿ ಎಂಬುದು ಆಪಾದನೆ. ಫ್ಲಾರಿಡಾದ ಮಯಾಮಿ ಕೋರ್ಟಿನಲ್ಲಿ ಎಲ್ಲವನ್ನೂ ಕೂಡಿಸಿ ವಿಚಾರಣೆ ನಡೆಯಿತು. ದಾವೆಗೆ ಎರಡು ಕವಲು. ಒಂದು ರೋಗಿಗಳದು, ಇನ್ನೊಂದು, ಕಂಪನಿಗಳು ತಮ್ಮ ಬಿಲ್ಲು ಕತ್ತರಿಸುತ್ತವೆಂದು ದೂರಿದ ಡಾಕ್ಟರುಗಳದು. 2002ರ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶರು ಡಾಕ್ಟರುಗಳನ್ನು ಒಂದು ಸಮೂಹವೆಂದು ಒಪ್ಪಿದರು. ರೋಗಿಗಳನ್ನು ಒಪ್ಪಲಿಲ್ಲ! ಮರುವರ್ಷ ಒಂದು ಕಂಪನಿ ಸುಮಾರು 7 ಲಕ್ಷ ಡಾಕ್ಟರುಗಳ ಜೊತೆ 17 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ವಕೀಲರ ಫೀಜೂ ಅದರೊಳಗೇ ಸೇರಿತ್ತು. ಹಾಸಿಗೆಯ ಪಕ್ಕದಲ್ಲಿ ನಿಂತವನಿಗೆ ಪರಿಹಾರ ಸಿಕ್ಕಿತು. ಹಾಸಿಗೆಯ ಮೇಲೆ ಮಲಗಿದವನು ಬರಿಗೈಯಲ್ಲಿ ಮನೆಗೆ ಹೋದ.

ಏಕೆ ಹೀಗಾಯಿತು? ಡಾಕ್ಟರುಗಳಿಗೆ ಸಂಘಗಳಿದ್ದವು, ಬರೆದಿಟ್ಟ ಬಿಲ್ಲುಗಳಿದ್ದವು, ಎಲ್ಲರ ದೂರಿಗೂ ಒಂದೇ ಮುಖವಿತ್ತು. ರೋಗಿಗಳಾದರೋ ಒಬ್ಬೊಬ್ಬರೂ ಒಂದೊಂದು ಮನೆಯ ಮೂಲೆಯಲ್ಲಿ ನರಳುತ್ತಿದ್ದರು. ಸಂಗಾತಿಗಳು ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇನ್ನೊಂದು ದಾವೆ ಇದಕ್ಕಿಂತ ಮುಂದೆ ಹೋಯಿತು. ಮನೋರೋಗಕ್ಕೂ ಕುಡಿತದಂಥ ಚಟಕ್ಕೂ ಚಿಕಿತ್ಸೆ ನಿರಾಕರಿಸಿದರೆಂದು ಯುನೈಟೆಡ್ ಕಂಪನಿಯ ಅಂಗಸಂಸ್ಥೆಯೊಂದರ ಮೇಲೆ 2014ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಲಾಯಿತು. ಐವತ್ತು ಸಾವಿರಕ್ಕೂ ಮೇಲ್ಪಟ್ಟು ಜನ ಅದರಲ್ಲಿ ಒಂದು ಸಮೂಹ. ಕಂಪನಿ ಚಿಕಿತ್ಸೆಯನ್ನು ಅಳೆಯುತ್ತಿದ್ದ ಮೊಳಕೋಲೇ ಮೋಟಾಗಿದೆ, ವೈದ್ಯರ ಸರ್ವಸಮ್ಮತ ನಿಯಮಗಳಿಗೆ ಹೊಂದುವುದಿಲ್ಲ, ಅದನ್ನು ತಯಾರಿಸುವಾಗ ಹಣದ ಲೆಕ್ಕ ಕೈಯಾಡಿಸಿದೆ ಎಂದು 2019ರಲ್ಲಿ ನ್ಯಾಯಾಧೀಶರು ತೀರ್ಪಿತ್ತರು. ಸುಮಾರು 67,000 ನಿರಾಕರಣೆಗಳನ್ನು ಮತ್ತೆ ಪರಿಶೀಲಿಸಬೇಕೆಂದು 2020ರಲ್ಲಿ ಆಜ್ಞೆಯಾಯಿತು. 2022ರಲ್ಲಿ ಮೇಲಿನ ಕೋರ್ಟು ಆ ಆಜ್ಞೆಯನ್ನು ಕೆಡವಿತು. ಎಂಟು ವರ್ಷದ ಶ್ರಮ ನೀರುಪಾಲಾಯಿತೆ? ಪೂರ್ತಿ ಆಗಲಿಲ್ಲ. ಆ ಕೋರ್ಟಿನಲ್ಲಿ ಕಂಪನಿಯ ಒಳಕಡತಗಳು ಬೆಳಕು ಕಂಡಿದ್ದವು. 2020ರಲ್ಲೇ ಕ್ಯಾಲಿಫೋರ್ನಿಯಾದ ಶಾಸನಸಭೆ ಹೊಸ ಕಾಯಿದೆ ಮಾಡಿ, ಮನೋರೋಗದ ಚಿಕಿತ್ಸೆಯ ಅಗತ್ಯವನ್ನು ಅಳೆಯುವ ಕೋಲು ವೈದ್ಯರ ಸರ್ವಸಮ್ಮತ ನಿಯಮವೇ ಆಗಿರಬೇಕು, ಕಂಪನಿಯ ಸ್ವಂತ ಕೋಲಾಗಿರಕೂಡದು ಎಂದು ಕಟ್ಟುಮಾಡಿತು.

ಈಗ ಹೊಸ ಅವತಾರ ಬಂದಿದೆ. ನಿರಾಕರಣೆಯ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿದ್ದಾರೆಂದು 2023ರಲ್ಲಿ ಸಿಗ್ನಾ ಮತ್ತು ಯುನೈಟೆಡ್ ಕಂಪನಿಗಳ ಮೇಲೆ ಸಾಮೂಹಿಕ ದಾವೆಗಳಾದವು. ಸಿಗ್ನಾದ ಡಾಕ್ಟರುಗಳು ಸರಾಸರಿ 1.2 ಸೆಕೆಂಡಿಗೆ ಒಂದರಂತೆ ಬಿಲ್ಲುಗಳನ್ನು ತಳ್ಳಿಹಾಕಿದರೆಂಬುದು ಅಲ್ಲಿನ ಆಪಾದನೆ. ಕಂಪನಿಗಳು ಇದನ್ನು ಅಲ್ಲಗಳೆದಿವೆ. ಆಪಾದನೆ ನಿಜವಾದರೆ, ನಮ್ಮ ಶೆಟ್ಟರ ಕಾಗದಕ್ಕೆ ಸಿಕ್ಕ ಒಂದು ಹಗಲು ಅಮೆರಿಕಾದವರ ಕಣ್ಣಿಗೆ ದೊಡ್ಡ ಉದಾರತನವಾಗಿ ಕಂಡೀತು!

ನಮ್ಮ ಹೊಸ್ತಿಲಲ್ಲಿ

ಅಮೆರಿಕಾದ ಕಥೆ ನಮಗೇಕೆ ಎನ್ನುವವರು ಸ್ವಲ್ಪ ತಾಳಬೇಕು. ರೋಗಿಗೂ ಕಂಪನಿಗೂ ನಡುವೆ ನಿಂತು ಅಪ್ಪಣೆ ಚೀಟಿ ನೋಡುವ ಮಧ್ಯವರ್ತಿ ಸಂಸ್ಥೆಗಳಿಗೆ ನಮ್ಮ ದೇಶದಲ್ಲಿ 2001ರಲ್ಲೇ ನಿಯಮಗಳಾದವು. ಶೆಟ್ಟರ ಕಾಗದ ನಡೆದದ್ದು ಅದೇ ದಾರಿಯಲ್ಲಿ. ಕ್ಯಾಶ್‌ಲೆಸ್ ಅಪ್ಪಣೆಯನ್ನು ಒಂದು ಗಂಟೆಯೊಳಗೆ, ಬಿಡುಗಡೆಯ ಅಪ್ಪಣೆಯನ್ನು ಮೂರು ಗಂಟೆಯೊಳಗೆ ತೀರ್ಮಾನಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಕಟ್ಟಳೆ ಮಾಡಿತು. ಬೆಳಿಗ್ಗೆ ಹೋದ ಕಾಗದಕ್ಕೆ ರಾತ್ರಿ ಉತ್ತರ ಬಂದದ್ದು ಈ ಕಟ್ಟಳೆಯಾದ ಮೇಲೆ.

ಇನ್ನು ಗಿರಣಿ ಕೆಲಸಗಾರರ ವಿಷಯ. 2015ರ ಕೇಂದ್ರ ಬಜೆಟ್ಟಿನಲ್ಲಿ ಅರ್ಥಮಂತ್ರಿಗಳು, ಕಾರ್ಮಿಕನು ಇ.ಎಸ್.ಐ. ಬೇಕೋ ವಿಮೆ ಕಂಪನಿಯ ಪಾಲಿಸಿ ಬೇಕೋ ಆರಿಸಿಕೊಳ್ಳಲಿ ಎಂದರು. ಕಾರ್ಮಿಕ ಸಂಘಗಳು ವಿರೋಧಿಸಿದವು. ಅದು ಆಗ ಕಾಯಿದೆಯಾಗಲಿಲ್ಲ. ಆದರೆ ಒಮ್ಮೆ ಬಿತ್ತಿದ ಮಾತು ಎಲ್ಲಿ ಮೊಳೆಯುತ್ತದೋ ಹೇಳಲಾಗದು. ನೂಲಿನ ಖಾತೆಯಲ್ಲಿ ಮೊಳೆತಿರುವುದನ್ನು ನಾವೇ ನೋಡಿದೆವು.

ಇ.ಎಸ್.ಐ. ಡಿಸ್ಪೆನ್ಸರಿಯಲ್ಲಿ ಔಷಧಿ ಇರುವುದಿಲ್ಲ, ಡಾಕ್ಟರು ಇದ್ದರೆ ಕಂಪೌಂಡರು ಇರುವುದಿಲ್ಲ, ದೊಡ್ಡ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳುವ ಹೊತ್ತಿಗೆ ಅರ್ಧ ದಿನದ ಪಗಾರ ಹೋಗುತ್ತದೆ. ಈ ಪುಟಗಳಲ್ಲಿ ಇದನ್ನು ಬರೆದೂ ಬರೆದೂ ನಮ್ಮ ಮಸಿ ಒಣಗಿದೆ. ಆದರೂ ಕೇಳುತ್ತೇನೆ: ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದೆ?

1948ರ ಕಾಯಿದೆಯಿಂದ ಹುಟ್ಟಿ, 1952ರಲ್ಲಿ ಕಾನಪುರದಲ್ಲಿ ಆರಂಭವಾದ ಈ ಯೋಜನೆಯಲ್ಲಿ ಲಾಭ ಹಂಚಿಕೊಳ್ಳುವ ಷೇರುದಾರನಿಲ್ಲ. ನಿಗಮದ ಸಭೆಯಲ್ಲಿ ಕಾರ್ಮಿಕರ ಪ್ರತಿನಿಧಿಗೆ ಕುರ್ಚಿಯಿದೆ. 2025ರ ನವೆಂಬರಿನಲ್ಲಿ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದ ಮೇಲೂ ನಿಗಮ ಉಳಿದಿದೆ. 2019ರ ಜುಲೈಯಲ್ಲಿ ಮಾಲೀಕರ ವಂತಿಗೆಯನ್ನು ಶೇಕಡ 4.75ರಿಂದ 3.25ಕ್ಕೆ, ಕಾರ್ಮಿಕರದನ್ನು 1.75ರಿಂದ 0.75ಕ್ಕೆ ಇಳಿಸಿದರು. ನಮಗೆ ಉಳಿದದ್ದು ನೂರಕ್ಕೆ ಒಂದು ರೂಪಾಯಿ, ಮಾಲೀಕರಿಗೆ ಉಳಿದದ್ದು ಒಂದೂವರೆ. ಔಷಧಿ ಇಲ್ಲವೆಂದು ಕೂಗುವ ಯೋಜನೆಗೆ ಬರುವ ಹಣವನ್ನೇ ಏಕೆ ಕಡಿಮೆ ಮಾಡಿದಿರಿ ಎಂದು ಕೇಳುವ ಹಕ್ಕು ನಮಗಿದೆ. ಕಂಪನಿಯ ಗುಮಾಸ್ತನನ್ನು ಹಾಗೆ ಕೇಳಲಾಗುವುದಿಲ್ಲ. ಅವನಿಗೆ ನಾವು ಓಟುದಾರರಲ್ಲ, ಸದಸ್ಯರಲ್ಲ, ಬರಿಯ ನಂಬರು.

ಕೇಳುವುದಕ್ಕೆ ದಾರಿಯೂ ಇದೆ. ವಂತಿಗೆ ಕಟ್ಟುವ ಇ.ಎಸ್.ಐ. ಕಾರ್ಮಿಕ ಬಿಟ್ಟಿ ಗಿರಾಕಿಯಲ್ಲ, ಅವನು ಗ್ರಾಹಕನೇ ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ಹೇಳಿದೆ. ಅಮೆರಿಕಾದ ಆ ಬೀಗ ನಮ್ಮ ಬಾಗಿಲಿಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 35ನೇ ಕಲಮಿನಂತೆ, ಒಂದೇ ಹಿತವುಳ್ಳ ಬಹಳ ಜನರ ಪರವಾಗಿ ಒಬ್ಬರೋ ಕೆಲವರೋ ಜಿಲ್ಲಾ ಗ್ರಾಹಕರ ಆಯೋಗದ ಅನುಮತಿ ಪಡೆದು ದೂರು ಕೊಡಬಹುದು. ಖರ್ಚನ್ನಷ್ಟೇ ಅಲ್ಲ, ಆದ ಹಾನಿಗೂ ಪರಿಹಾರ ಕೇಳಬಹುದು. ಆದರೆ ಎಲ್ಲರ ಹಿತವೂ ಒಂದೇ ಎಂಬುದನ್ನು ಅರ್ಜಿಯಲ್ಲಿ ಬಿಡಿಸಿ ತೋರಿಸಬೇಕೆಂದು, ಬೆಂಗಳೂರಿನ ಫ್ಲಾಟುಗಳ ಮೊಕದ್ದಮೆಯೊಂದರಲ್ಲಿ 2021ರಲ್ಲಿ ಸರ್ವೋಚ್ಚ ನ್ಯಾಯಾಲಯ ಎಚ್ಚರಿಸಿದೆ. ಮಯಾಮಿಯಲ್ಲಿ ರೋಗಿಗಳು ಎಡವಿದ ಕಲ್ಲೂ ಅದೇ ಅಲ್ಲವೆ?

ಆದ್ದರಿಂದ ಕೆಲಸ ಈಗಲೇ ಶುರುವಾಗಬೇಕು. ಚಿಕಿತ್ಸೆ ಇಲ್ಲವೆಂದು ಬಾಯಿಮಾತಿನಲ್ಲಿ ಹೇಳಿದರೆ ಬರವಣಿಗೆಯಲ್ಲಿ ಕೇಳಿರಿ. ಕಾಗದ ಕೊಟ್ಟ ಹೊತ್ತು, ಉತ್ತರ ಬಂದ ಹೊತ್ತು ಎರಡನ್ನೂ ಬರೆದಿಡಿರಿ. ಔಷಧಿ ಇಲ್ಲವೆಂದ ದಿನದ ಚೀಟಿಯನ್ನು ಬಿಸಾಡಬೇಡಿರಿ. ದೂರು ಕೊಡಲು ಎರಡು ವರ್ಷದ ವಾಯಿದೆಯಿದೆಯೆಂಬುದನ್ನು ನೆನಪಿಡಿರಿ. ಈ ಚೀಟಿಗಳನ್ನೆಲ್ಲ ಸಂಘದ ಕೋಣೆಗೆ ತನ್ನಿರಿ. ಮುಂದಿನ ಭಾನುವಾರದಿಂದ ಅಲ್ಲಿ ಎರಡು ವಹಿಗಳನ್ನು ಇಡಲಾಗುವುದು: ಒಂದು ಇ.ಎಸ್.ಐ. ದೂರಿಗೆ, ಇನ್ನೊಂದು ವಿಮೆಯ ದೂರಿಗೆ. ಹತ್ತು ಚೀಟಿ ಹತ್ತು ಜನರ ಗೋಳು. ಅವನ್ನೇ ಒಂದು ವಹಿಯಲ್ಲಿ ಸಾಲಾಗಿ ಬರೆದರೆ ಒಂದು ದಾವೆ.

ಕೋರ್ಟೇ ಎಲ್ಲವನ್ನೂ ಮಾಡಿಕೊಡುತ್ತದೆಂದು ನಾನು ಹೇಳುತ್ತಿಲ್ಲ. ಅಮೆರಿಕಾದ ರೋಗಿಗಳು ಕೋರ್ಟಿನಲ್ಲಿ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಸೋತರೂ ಕಂಪನಿಯ ವಹಿಯನ್ನು ಬಯಲಿಗೆಳೆದರು, ಆಮೇಲೆ ಶಾಸನಸಭೆಯ ಬಾಗಿಲು ತಟ್ಟಿದರು. ಅವರಿಗೆ ಸಿಕ್ಕಷ್ಟು ಸಿಕ್ಕಿದ್ದು ಹಾಗೆ. ದಾವೆಯೆಂಬುದು ಸಂಘದ ಕೈಯಲ್ಲಿರುವ ಒಂದು ಹತಾರ. ಕೈಯೇ ಇಲ್ಲದಿದ್ದರೆ ಹತಾರ ತುಕ್ಕು ಹಿಡಿಯುತ್ತದೆ.

ಶೆಟ್ಟರು ಆ ಸಂಜೆ ಏಳುವಾಗ, "ನಾನು ಗಿರಣಿಯವನಲ್ಲ, ನಿಮ್ಮ ಸಂಘದ ವಹಿಯಲ್ಲಿ ನನ್ನ ಹೆಸರು ಬರೆದುಕೊಳ್ಳುತ್ತೀರಾ?" ಎಂದು ಸಂಕೋಚದಿಂದ ಕೇಳಿದರು. ನಾನು ಉತ್ತರ ಕೊಡುವ ಮೊದಲೇ ನೂಲಿನ ಖಾತೆಯ ಸಂಗಾತಿ ಬೆಂಚಿನಲ್ಲಿ ಸರಿದು, "ನಿಮ್ಮ ಅಂಗಡಿಯ ಉದ್ರಿ ವಹಿಯಲ್ಲಿ ನಮ್ಮೆಲ್ಲರ ಹೆಸರೂ ಇದೆಯಲ್ಲ ಶೆಟ್ಟರೆ, ನಮ್ಮ ವಹಿಯಲ್ಲಿ ನಿಮ್ಮದೊಂದು ಇರಲಿ ಬಿಡಿ" ಎಂದರು.

ವಿಮೆಯ ದೂರಿನ ವಹಿಯಲ್ಲಿ ಮೊದಲನೆಯ ಹೆಸರು ಶೆಟ್ಟರದು. ಎರಡನೆಯದು ಯಾರದೆಂದು ಓದುಗರೇ ತೀರ್ಮಾನಿಸಬೇಕು.